ಒಗೆಯದ ಶಾಲು

ಫೆಬ್ರವರಿ ೨, ಸೋಮವಾರ

ಕತ್ತಿನ ಗಂಟು ತೆಗೆಯಲೇಬೇಕಂತೆ. ಡಾಕ್ಟರು ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ, ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು. ಅದು ಒಳ್ಳೆಯದೋ ಕೆಟ್ಟದ್ದೋ ತೆಗೆದು ಪರೀಕ್ಷೆ ಮಾಡಿದ ಮೇಲೆಯೇ ಗೊತ್ತಾಗುವುದು. ದನಿಯ ನರ ಗಂಟಿನ ಪಕ್ಕದಲ್ಲೇ ಹಾದುಹೋಗುತ್ತದೆ, ಕೆಲವರಿಗೆ ಸ್ವಲ್ಪ ಕಾಲ ಮಾತು ಬರುವುದಿಲ್ಲ, ಅಪರೂಪಕ್ಕೆ ಯಾರಿಗೋ ಹೋದ ದನಿ ಹೋದದ್ದೇ. ಎಲ್ಲದಕ್ಕೂ ತಲೆಯಾಡಿಸಿ, ಶಾಲು ಬಿಗಿಯಾಗಿ ಸುತ್ತಿಕೊಂಡು ಎದ್ದು ಬಂದೆ.

ಬಸ್ಸು ಹತ್ತಿ ಕೂತಾಗ ನೆನಪಾದದ್ದು ಬೆಕ್ಕುಗಳು. ನಾನು ಆಸ್ಪತ್ರೆಯಲ್ಲಿ ಮಲಗಿದರೆ ನೀಲಿಯನ್ನೂ ಗಂಜಿಯನ್ನೂ ನೋಡಿಕೊಳ್ಳುವವರು ಯಾರು? ಆಸ್ಪತ್ರೆಗೆ ನನ್ನ ಜೊತೆ ಅತ್ತಿಗೆ ಬರಬೇಕು, ನನಗೆ ಬೇರೆ ಯಾರಿದ್ದಾರೆ. ಅಣ್ಣ ಹೋದ ಮೇಲೆ ಲಾಂಡ್ರಿಯೂ ಅದರ ಹಿಂದಿನ ಎರಡು ಕೋಣೆಯೂ ನಮ್ಮಿಬ್ಬರದು. ಒಗೆಯುವುದು, ಕಲೆ ತೆಗೆಯುವುದು ನಾನು. ಇಸ್ತ್ರಿ, ಗಿರಾಕಿ, ಜಗಳ ಅತ್ತಿಗೆಯದು. ಆಸ್ಪತ್ರೆಯೋ ಅರ್ಧ ದಿನದ ದಾರಿ.

ಅತ್ತಿಗೆಗೆ ಇನ್ನೂ ಹೇಳಿಲ್ಲ. ಬೆಕ್ಕುಗಳ ಯೋಚನೆಯಲ್ಲಿ ರಾತ್ರಿಯ ಊಟ ಸೇರಲಿಲ್ಲ.

ಫೆಬ್ರವರಿ ೪, ಬುಧವಾರ

ಹೇಳಿದೆ. ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ನನ್ನನ್ನೇ ನೋಡಿದರು. ಗಂಟು ಇರುವುದು ಅವರಿಗೆ ಮೊದಲೇ ಗೊತ್ತಿತ್ತಂತೆ.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಕಾಣಲ್ವಾ? ಬಿಸಿಲಲ್ಲೂ ಶಾಲು ಸುತ್ಕೊಂಡು ಓಡಾಡ್ತೀಯ. ಗಿರಾಕಿಗಳಿಗೆ ನೆಗಡಿ ಅಂತ ಹೇಳಿ ಹೇಳಿ ನಂಗೇ ಸಾಕಾಗಿದೆ."

ಆಮೇಲೆ ಬೆಕ್ಕುಗಳ ಮಾತು ತೆಗೆದೆ. ಅತ್ತಿಗೆಗೂ ಬೆಕ್ಕುಗಳಿಗೂ ಎಣ್ಣೆ ಸೀಗೆಕಾಯಿ. ಕಪ್ಪು ಕೋಟಿನ ಮೇಲೆ ಒಂದು ಬಿಳಿ ಕೂದಲು ಕಂಡರೆ ಸಾಕು, ಆ ದಿನವೆಲ್ಲ ಬ್ರಷ್ ಹಿಡಿದುಕೊಂಡು ಗೊಣಗುತ್ತಾರೆ. ಗಂಜಿಯದೇ ಕೂದಲು ಅದು. ಬಟ್ಟೆಗೆ ಹಾಕುವ ಗಂಜಿಯ ಹಾಗೇ ಬಿಳಿ, ಹಾಗೇ ಸೆಟೆದುಕೊಳ್ಳುವ ಸ್ವಭಾವ. ನನ್ನ ಬಿಟ್ಟು ಯಾರ ಹತ್ತಿರವೂ ಸುಳಿಯುವುದಿಲ್ಲ. ನೀಲಿ ಮಾತ್ರ ಬೂದು ಬಣ್ಣದ ಹೊಟ್ಟೆಬಾಕ. ಮರಿಯಾಗಿದ್ದಾಗ ಬಟ್ಟೆ ಅದ್ದುವ ನೀಲಿಯ ಬಕೆಟ್ಟಿಗೆ ಬಿದ್ದು ಹೆಸರು ಸಂಪಾದಿಸಿಕೊಂಡಿತು. ಅದಕ್ಕೆ ತಿನ್ನಲು ಕೊಡುವವರೆಲ್ಲ ನೆಂಟರೇ.

ಬೆಕ್ಕುಗಳನ್ನು ಬಿಟ್ಟುಹೋಗುವ ಹಾಸ್ಟೆಲ್ ಒಂದಿದೆಯಂತೆ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಅತ್ತಿಗೆಯ ಗಿರಾಕಿಯೊಬ್ಬರು ಹೇಳಿದರಂತೆ. "ನಿನ್ನ ಮಕ್ಕಳು ಹಾಸ್ಟೆಲಲ್ಲಿ ಓದಿ ದೊಡ್ಡೋರಾಗಿ ಬರಲಿ" ಎಂದು ಅತ್ತಿಗೆ ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿದರು. ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ. ಅವರ ಕೈಯ ಕೆಳಗಿದ್ದ ಅಂಗಿಯ ಕಾಲರು ಸ್ವಲ್ಪ ಸೀದುಹೋಯಿತು. ಇಷ್ಟು ವರ್ಷದಲ್ಲಿ ಅತ್ತಿಗೆ ಬಟ್ಟೆ ಸುಟ್ಟದ್ದನ್ನು ನಾನು ನೋಡಿರಲಿಲ್ಲ.

ಫೆಬ್ರವರಿ ೫, ಗುರುವಾರ

ಹಾಸ್ಟೆಲ್ ನೋಡಿ ಬಂದೆ. ನಡೆಸುವಾಕೆ ಎತ್ತರದ, ಕಡಿಮೆ ಮಾತಿನ ಹೆಂಗಸು. ಬೆಕ್ಕಿನಮ್ಮ ಅಂತಲೇ ಬೀದಿಯವರೆಲ್ಲ ಕರೆಯುವುದು. ಜಾಗ ಚೊಕ್ಕಟವಾಗಿದೆ, ತಪ್ಪು ಹುಡುಕಲೆಂದೇ ಹೋದ ನನಗೂ ಸಿಗಲಿಲ್ಲ. ಒಂದೊಂದು ಮನೆಯ ಬೆಕ್ಕುಗಳಿಗೆ ಒಂದೊಂದು ಗೂಡಿನಂಥ ಕೋಣೆ, ಜಾಲರಿಯ ಬಾಗಿಲು, ಹತ್ತಿ ಕೂರಲು ಹಲಗೆಗಳು, ಮೂಲೆಯಲ್ಲಿ ಮರಳಿನ ತಟ್ಟೆ, ಬೀದಿ ಕಾಣುವ ಕಿಟಕಿ.

ಕೊನೆಯ ಕೋಣೆಯಲ್ಲಿ ಒಂದು ಮುದಿ ಹಳದಿ ಬೆಕ್ಕು. ಬಾಗಿಲಿಗೆ ಮುಖ ಮಾಡಿ ಕೂತಿತ್ತು, ನಾವು ಹೋದಾಗ ಎದ್ದು ನಿಂತು, ನೋಡಿ, ಮತ್ತೆ ಕೂತಿತು. ಇದು ಯಾರದ್ದು ಎಂದು ಕೇಳಿದೆ. ಒಬ್ಬ ಹಿರಿಯರು ಆಸ್ಪತ್ರೆಗೆ ಹೋಗುವಾಗ ವಾರದ ಮಟ್ಟಿಗೆ ಬಿಟ್ಟುಹೋಗಿದ್ದರಂತೆ. ತಿರುಗಿ ಬರಲಿಲ್ಲ. ಅವರ ಕಡೆಯವರೂ ಯಾರೂ ಬರಲಿಲ್ಲ.

ನಾನು ಆ ಬೆಕ್ಕಿಗೆ ಬೆನ್ನು ಮಾಡಿ ನಿಂತೆ.

ಬೆಕ್ಕಿನಮ್ಮ ಎರಡು ವಿಷಯ ಹೇಳಿದರು. ನನ್ನ ಮೈವಾಸನೆ ಇರುವ ಬಟ್ಟೆಯೊಂದನ್ನು ಬೆಕ್ಕುಗಳ ಜೊತೆ ತರಬೇಕು, ಒಗೆಯಬಾರದು. ಎರಡನೆಯದು, ನಾನು ಬರಲಾಗದೇ ಹೋದರೆ ಬೆಕ್ಕುಗಳನ್ನು ಕರೆದುಕೊಂಡು ಹೋಗುವವರು ಯಾರು ಎಂದು ಹೇಳಬೇಕು. ಎಲ್ಲರನ್ನೂ ಕೇಳುತ್ತಾರಂತೆ, ತಪ್ಪು ತಿಳಿಯಬಾರದಂತೆ. ಹಳದಿ ಬೆಕ್ಕಿನ ಆ ಹಿರಿಯರನ್ನು ಕೇಳಲು ಸಂಕೋಚಪಟ್ಟುಕೊಂಡದ್ದೇ ತಪ್ಪಾಯಿತು ಎಂದರು.

ಅತ್ತಿಗೆ ಎಂದು ಹೇಗೆ ಹೇಳಲಿ? ಕೂದಲು ಕಂಡರೆ ಉರಿದುಬೀಳುವವರ ತಲೆಗೆ ಇವೆರಡನ್ನು ಕಟ್ಟಿ ಹೋಗಲೇ? ವಿಚಾರಿಸಿ ಹೇಳುತ್ತೇನೆ ಎಂದು ಮೆಟ್ಟಿಲಿಳಿದೆ.

ಫೆಬ್ರವರಿ ೮, ಭಾನುವಾರ

ಬಟ್ಟೆ ಅಂದರೆ ಶಾಲೇ ಸರಿ. ಹಗಲೆಲ್ಲ ಕತ್ತಿನಲ್ಲಿರುವುದು ಅದೇ, ಗಂಜಿ ಬಂದು ಮೂಗು ತೂರಿಸುವುದೂ ಅದರೊಳಕ್ಕೇ. ಆದರೆ ಎತ್ತಿ ನೋಡಿದರೆ ಅಂಚೆಲ್ಲ ಬೆವರು, ಒಂದು ಕಡೆ ಸಾರಿನ ಕಲೆ. ಇದನ್ನು ಹೇಗೆ ಇನ್ನೊಬ್ಬರ ಮನೆಗೆ ಕೊಡಲಿ? ಲಾಂಡ್ರಿಯವಳು ಕೊಳಕು ಬಟ್ಟೆ ಕಳಿಸಿದಳು ಎಂದು ಆಕೆ ನಾಳೆ ನಾಲ್ಕು ಜನರ ಹತ್ತಿರ ಆಡಿದರೆ? ಊರ ಕೊಳೆಯನ್ನೆಲ್ಲ ತೆಗೆದವಳು ನಾನು. ನಾನು ಸತ್ತರೂ ಆ ಶಾಲು ಅಲ್ಲಿ ಉಳಿಯುತ್ತದೆ, ನೋಡಿದವರು ಏನೆಂದಾರು.

ಒಗೆದೆ. ಒಗೆಯಬಾರದು ಎಂದದ್ದು ನೆನಪಿತ್ತು. ಆದರೂ ಒಗೆದೆ. ವರ್ಷಗಟ್ಟಲೆಯಿಂದ ಹೊದ್ದ ಶಾಲು, ಒಂದು ಸಲ ನೀರಿಗೆ ಹಾಕಿದರೆ ನನ್ನ ವಾಸನೆ ಎಲ್ಲಿ ಹೋದೀತು? ಬಿಸಿಲಿಗೆ ಹರವಿ, ನಾನೇ ಇಸ್ತ್ರಿ ಮಾಡಿ ಮಡಿಸಿಟ್ಟೆ. ಎಷ್ಟು ಚೆನ್ನಾಗಿ ಬಂದಿದೆ. ಗಂಜಿ ಬಂದು ಮೂಸಿ, ತಿರುಗಿ ಹೋಯಿತು. ಸೆಖೆಗೆ ಇರಬೇಕು.

ಫೆಬ್ರವರಿ ೯, ಸೋಮವಾರ

ಬಿಟ್ಟು ಬಂದೆ.

ಬುಟ್ಟಿಯೊಳಗೆ ಹೋಗುವಾಗಲೇ ಗಂಜಿ ನನ್ನ ಕೈ ಪರಚಿತು. ದಾರಿಯುದ್ದಕ್ಕೂ ನೀಲಿ ಅರಚಿತು, ಗಂಜಿ ಉಸಿರೆತ್ತಲಿಲ್ಲ. ಅರಚಿದ್ದರೇ ಚೆನ್ನಾಗಿತ್ತು. ಮೆಟ್ಟಿಲಿನಲ್ಲಿ ನಿಂತು ಶಾಲನ್ನು ಬಿಚ್ಚಿ, ಇಸ್ತ್ರಿಯ ಗೆರೆ ಕಾಣದ ಹಾಗೆ ಮುದುರಿದೆ. ಒಗೆದಿಲ್ಲ ತಾನೇ ಎಂದು ಬೆಕ್ಕಿನಮ್ಮ ಕೇಳಿದರು. ನಾನು ಬುಟ್ಟಿಯ ಕೊಂಡಿ ಬಿಚ್ಚುವುದರಲ್ಲಿದ್ದೆ, ಹ್ಞೂಂ ಅಂದೆ. ಯಾವುದಕ್ಕೆ ಹ್ಞೂಂ ಎಂದು ನಾನೂ ಬಿಡಿಸಿ ಹೇಳಲಿಲ್ಲ, ಅವರೂ ಕೇಳಲಿಲ್ಲ.

ನೀಲಿ ಸೀದಾ ತಟ್ಟೆಗೆ ಬಾಯಿ ಹಾಕಿತು. ಗಂಜಿ ಹಲಗೆಗೂ ಗೋಡೆಗೂ ನಡುವಿನ ಸಂದಿಗೆ ನುಗ್ಗಿ, ಬೆನ್ನು ಮಾಡಿ ಕೂತಿತು. ನಾನು ನನ್ನ ಕೂಗು ಕೂಗಿದೆ. "ಬಾ ಬಾ ಬಾ ಬಂಗಾರೀ" ಎಂದು ಕೊನೆಗೆ ಎಳೆಯುತ್ತೇನೆ, ಬಟ್ಟೆ ಒಗೆಯುವ ಮಿಷನ್ನಿನ ಸದ್ದನ್ನೂ ದಾಟಿ ಬೀದಿಯ ಆ ತುದಿಗೆ ಕೇಳಿಸುವ ಕೂಗು. ಅತ್ತಿಗೆ ಅದನ್ನು ಹರಾಜು ಎಂದು ಆಡಿಕೊಳ್ಳುತ್ತಾರೆ. ಎಲ್ಲಿದ್ದರೂ ಗಂಜಿ ಓಡಿ ಬರುತ್ತಿತ್ತು. ಇವತ್ತು ಕಿವಿ ಮಾತ್ರ ಆಡಿಸಿತು.

ಅದಕ್ಕೆ ಆ ಕೂಗು ಕೇಳಿಸುವುದು ಇದೇ ಕೊನೆಯ ಸಲವೋ ಏನೋ. ಇದನ್ನು ಬರೆಯಬಾರದಿತ್ತು.

ಬರದೇ ಹೋದರೆ ಯಾರು ಎಂಬುದಕ್ಕೆ ಉತ್ತರ ಕೊಡಲಿಲ್ಲ. ಬೆಕ್ಕಿನಮ್ಮ ಮತ್ತೆ ಕೇಳಿದರು, ಫೋನ್ ಮಾಡುತ್ತೇನೆ ಎಂದು ತಪ್ಪಿಸಿಕೊಂಡೆ. ಹೊರಡುವಾಗ ಹಳದಿ ಬೆಕ್ಕು ಎದ್ದು ನಿಂತಿತು. ಅದರ ಕಡೆ ನೋಡದೆ ಬಂದೆ.

ಫೆಬ್ರವರಿ ೧೦, ಮಂಗಳವಾರ

ಆಸ್ಪತ್ರೆ. ಹಾಸಿಗೆಯ ಬಟ್ಟೆ ಸರಿಯಾಗಿ ಜಾಲಿಸಿಲ್ಲ, ಸೋಪು ಹಾಗೇ ಉಳಿದಿದೆ, ಮೈ ತುರಿಸುತ್ತದೆ. ರಕ್ತ ತೆಗೆದರು, ಕತ್ತಿನ ಮೇಲೆ ಪೆನ್ನಿನಿಂದ ಗೆರೆ ಎಳೆದರು. ಕನ್ನಡಿಯಲ್ಲಿ ನೋಡಿ, ಬೂದು ಬಣ್ಣದ ಹಳೇ ಶಾಲು ಸುತ್ತಿಕೊಂಡೆ. ಬೆವರು ನಿಲ್ಲುತ್ತಿಲ್ಲ. ಅತ್ತಿಗೆ ಹಣೆ ಮುಟ್ಟಿ ನೋಡಿದರು, ಜ್ವರವೇನಿಲ್ಲ ಎಂದರು. ನನಗೂ ಗೊತ್ತು ಜ್ವರವಲ್ಲ ಎಂದು.

ಫೆಬ್ರವರಿ ೧೧, ಬುಧವಾರ

ಮಧ್ಯಾಹ್ನ ಬೆಕ್ಕಿನಮ್ಮನ ಫೋನು. ನೀಲಿ ಎರಡು ತಟ್ಟೆಯದ್ದನ್ನೂ ತಿನ್ನುತ್ತಿದೆ. ಗಂಜಿ ಸಂದಿ ಬಿಟ್ಟು ಬಂದಿಲ್ಲ, ಸೋಮವಾರದಿಂದ ಒಂದು ತುತ್ತೂ ಮುಟ್ಟಿಲ್ಲ. ಮೀನು ಇಟ್ಟರು, ಬೆರಳಿನಿಂದ ತಿನ್ನಿಸಲು ನೋಡಿದರು, ಕಚ್ಚಿತಂತೆ. ಬೆಕ್ಕು ಹೀಗೆ ಉಪವಾಸ ಬಿದ್ದರೆ ಲಿವರ್ ಕೆಡುತ್ತದೆ, ನಾಳೆಯೂ ತಿನ್ನದಿದ್ದರೆ ಡಾಕ್ಟರ ಹತ್ತಿರ ಒಯ್ದು ಕೊಳವೆ ಹಾಕಿಸಬೇಕಾದೀತು ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ಆ ಶಾಲಿನ ಹತ್ತಿರಕ್ಕೂ ಅದು ಹೋಗ್ತಿಲ್ಲ. ನಿಮ್ಮದೇ ತಾನೇ ಅದು?"

ಎದ್ದು ಚಪ್ಪಲಿ ಮೆಟ್ಟಿದೆ. ಆಪರೇಷನ್ನೂ ಬೇಡ ಏನೂ ಬೇಡ, ನಾನು ಮನೆಗೆ ಹೋಗುತ್ತೇನೆ ಎಂದೆ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತರು. ಆಗ ಬಾಯಿಬಿಟ್ಟೆ, ಶಾಲು ಒಗೆದದ್ದು, ಇಸ್ತ್ರಿ ಮಾಡಿದ್ದು, ಮೆಟ್ಟಿಲಿನಲ್ಲಿ ನಿಂತು ಮುದುರಿದ್ದು, ಎಲ್ಲ. ಹೇಳುತ್ತ ಹೇಳುತ್ತ ಅಳು ಬಂತು. ನನ್ನ ಚೊಕ್ಕಟಕ್ಕೆ ಬೆಂಕಿ ಬೀಳಲಿ, ಅದನ್ನು ನಾನೇ ಕೊಂದ ಹಾಗಾಯಿತು.

ಅತ್ತಿಗೆ ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಕೈ ಚಾಚಿದರು.

"ಕತ್ತಲ್ಲಿರೋದು ಬಿಚ್ಚಿಕೊಡು."

ಇದು ನಾರುತ್ತಿದೆ ಅತ್ತಿಗೆ, ನಿನ್ನೆಯಿಂದ ಹೆದರಿ ಹೆದರಿ ಬೆವತ ಬೆವರೆಲ್ಲ ಇದರಲ್ಲೇ ಇದೆ ಎಂದೆ.

"ನಾರಲಿ. ಅದಕ್ಕೆ ಬೇಕಾಗಿರೋದು ಅದೇ."

ಈಗ ಹೊರಟರೆ ಸಂಜೆಗೆ ಅಲ್ಲಿ. ತಿರುಗಿ ಬರಲು ಬಸ್ಸು ಬೆಳಿಗ್ಗೆಯೇ. ನನ್ನನ್ನು ಒಳಗೆ ಕರೆದುಕೊಂಡು ಹೋಗುವುದೂ ಬೆಳಿಗ್ಗೆಯೇ. ಅತ್ತ ದರಿ, ಇತ್ತ ಪುಲಿ. ಅತ್ತಿಗೆ ನನ್ನ ಮುಖ ನೋಡುತ್ತ ನಿಂತಿದ್ದರು. ಇರಿ ಎಂದಿದ್ದರೆ ಇರುತ್ತಿದ್ದರು. ಇರಿ ಅನ್ನಬೇಕೆಂದು ಎಷ್ಟು ಆಸೆಯಾಯಿತು. ಕತ್ತಿನಿಂದ ಶಾಲು ತೆಗೆದು ಕೊಟ್ಟೆ.

"ಹೋಗ್ಬನ್ನಿ" ಅಂದೆ. ಬಹುಶಃ ನನ್ನ ದನಿಯಲ್ಲಿ ಅವರಿಗೆ ಹೇಳಿದ ಕೊನೆಯ ಮಾತು. ಇನ್ನೂ ಏನಾದರೂ ಒಳ್ಳೆಯದು ಹೇಳಬಹುದಿತ್ತು.

ಫೆಬ್ರವರಿ ೧೨, ಗುರುವಾರ

ಇನ್ನೂ ಕರೆದಿಲ್ಲ. ಏನೂ ತಿನ್ನಬಾರದು, ನೀರೂ ಕುಡಿಯಬಾರದು ಎಂದಿದ್ದಾರೆ. ಅಲ್ಲಿ ಅದೂ ತಿಂದಿಲ್ಲ, ಇಲ್ಲಿ ನಾನೂ ತಿಂದಿಲ್ಲ.

ಅತ್ತಿಗೆಯ ಫೋನು ಬರಲಿಲ್ಲ. ನಾನು ಮಾಡಿದರೆ ಎತ್ತುತ್ತಿಲ್ಲ. ಕತ್ತು ಬೋಳಾಗಿದೆ. ಬಂದವರೆಲ್ಲ ಮೊದಲು ಗಂಟನ್ನೇ ನೋಡುತ್ತಾರೆ. ನರ್ಸು ಬಂದು ಒಬ್ಬರೇ ಬಂದಿದ್ದೀರಾ ಎಂದು ಕೇಳಿದಳು. ಇಲ್ಲ, ಅತ್ತಿಗೆ ಬರುತ್ತಾರೆ ಎಂದೆ. ಈ ಬರುತ್ತಾರೆ ಎಂಬ ಮಾತನ್ನೇ ಹಳದಿ ಬೆಕ್ಕೂ ನಂಬಿ ಕೂತಿರಬೇಕು.

ಹೆದರಿಕೆಯಾಗುತ್ತಿದೆ. ಬೆಕ್ಕಿಗೋಸ್ಕರ ಅಲ್ಲ. ನನಗೋಸ್ಕರವೇ.

ಒಳಗೆ ಕರೆದೊಯ್ಯಲು ಬಂದರು.

ಫೆಬ್ರವರಿ ೧೩, ಶುಕ್ರವಾರ

ಇದ್ದೇನೆ. ದನಿ ಇಲ್ಲ.

ಗಂಜಿ ತಿಂದಿದೆ.

ಫೆಬ್ರವರಿ ೧೫, ಭಾನುವಾರ

ಗುರುವಾರ ಸಂಜೆ ಕಣ್ಣು ಬಿಟ್ಟಾಗ ಅತ್ತಿಗೆ ಕುರ್ಚಿಯಲ್ಲಿ ಕೂತಿದ್ದರು. ಕೂದಲು ಕೆದರಿತ್ತು, ಸೀರೆಯ ತುಂಬ ಗಂಜಿಯ ಬಿಳಿ ಕೂದಲು. ನಾನು ಬಾಯಿ ತೆರೆದೆ, ಗಾಳಿ ಬಂತು, ಮಾತು ಬರಲಿಲ್ಲ. ಕೇಳುವುದಕ್ಕೆ ಮೊದಲೇ ಅವರು ಹೇಳಿದರು, "ತಿಂತು. ಶಾಲು ಇಟ್ಟೆ, ತಿಂತು, ಅಷ್ಟೇ. ನೀನು ಸುಮ್ನೆ ಮಲಕ್ಕೋ." ಫೋನಿನ ಚಾರ್ಜು ಮುಗಿದಿತ್ತಂತೆ. ಅವರ ದನಿಯೂ ಒಡೆದ ಹಾಗಿತ್ತು. ಬಸ್ಸಿನ ಗಾಳಿ ಎಂದರು.

ಡಾಕ್ಟರು ಕಾಯಬೇಕು ಎನ್ನುತ್ತಾರೆ. ಗಂಟನ್ನು ಪರೀಕ್ಷೆಗೆ ಕಳಿಸಿದ್ದಾರೆ, ಅದಕ್ಕೂ ಕಾಯಬೇಕು. ದನಿಗಿಂತ ನನಗೆ ಬೇರೆ ಚಿಂತೆ. ಕೂಗಲಾರೆ. ಮೈಯೆಲ್ಲ ಔಷಧದ ವಾಸನೆ. ಗಂಜಿಗೆ ನಾನು ಯಾರೆಂದು ಹೇಗೆ ತಿಳಿಯಬೇಕು?

ಫೆಬ್ರವರಿ ೧೭, ಮಂಗಳವಾರ

ಹೆದರಿದ್ದೇ ಆಯಿತು.

ಮಹಡಿ ಹತ್ತಿ ಜಾಲರಿಯ ಬಾಗಿಲು ತೆಗೆದೆ. ನೀಲಿ ಕಾಲಿಗೆ ಸುತ್ತಿಕೊಂಡಿತು, ಅದು ಕಂಬಕ್ಕೂ ಸುತ್ತಿಕೊಳ್ಳುತ್ತದೆ. ಗಂಜಿ ಬೂದು ಶಾಲಿನ ಮೇಲೆ ಮಲಗಿತ್ತು. ಬಾ ಎನ್ನಲು ಹೋದೆ. ಇಸ್ತ್ರಿಪೆಟ್ಟಿಗೆಯ ಹಬೆಯ ಹಾಗೆ ಉಸ್ಸೆಂದು ಸದ್ದು ಬಂತು. ಗಂಜಿಯ ಕಿವಿ ಹಿಂದಕ್ಕೆ ಹೋಯಿತು, ಬೆನ್ನು ಎದ್ದಿತು, ನನ್ನ ಕಡೆ ಬಾಯಿ ತೆರೆದು ಹಲ್ಲು ತೋರಿಸಿತು. ನನ್ನ ಕಡೆ.

ನನ್ನ ಹಿಂದಿನಿಂದ ಕೂಗು ಕೇಳಿತು. "ಬಾ ಬಾ ಬಾ ಬಂಗಾರೀ." ನನ್ನದೇ ಕೂಗು, ನನ್ನದೇ ಎಳೆತ. ಅತ್ತಿಗೆ. ಗಂಜಿ ನನ್ನನ್ನು ದಾಟಿ ಹೋಗಿ, ನೆಲಕ್ಕೆ ಕೂತಿದ್ದ ಅತ್ತಿಗೆಯ ಮಡಿಲು ಹತ್ತಿತು.

ಹೊಟ್ಟೆ ಉರಿಯಿತು. ಸುಳ್ಳೇಕೆ ಬರೆಯಲಿ.

ಫೆಬ್ರವರಿ ೧೯, ಗುರುವಾರ

ಗಂಜಿ ಇಸ್ತ್ರಿ ಮೇಜಿನ ಕೆಳಗೇ ಇರುತ್ತದೆ, ಅತ್ತಿಗೆಯ ಪಾದದ ಹತ್ತಿರ. ನಾನು ಹೋದರೆ ಎದ್ದು ಹೋಗುತ್ತದೆ. ಸಂಜೆ ಊಟಕ್ಕೆ ಅತ್ತಿಗೆಯೇ ಕರೆಯುತ್ತಾರೆ. ನಾನು ತಟ್ಟೆ ಇಡುತ್ತೇನೆ.

ಕೂದಲಿನ ಗೊಣಗಾಟ ಇವತ್ತೂ ಕೇಳಲಿಲ್ಲ.

ಫೆಬ್ರವರಿ ೨೧, ಶನಿವಾರ

ಬೆಕ್ಕಿನಮ್ಮನ ಬುಟ್ಟಿಯೊಂದು ನಮ್ಮಲ್ಲೇ ಉಳಿದಿತ್ತು, ಕೊಡಲು ಹೋಗಿದ್ದೆ. ಶಾಲು ಹೊದ್ದುಕೊಂಡು ಹೋಗೋಣವೆಂದರೆ ಗಂಜಿ ಅದರ ಮೇಲೆ ನಿದ್ದೆ ಮಾಡುತ್ತಿತ್ತು. ಎಳೆಯಲು ಮನಸ್ಸಾಗಲಿಲ್ಲ, ಹಾಗೇ ಹೋದೆ. ದಾರಿಯಲ್ಲಿ ಕತ್ತಿಗೆ ಗಾಳಿ ಚೆನ್ನಾಗಿತ್ತು. ಚಪ್ಪಲಿ ಅಂಗಡಿಯವರು ಇದೇನು ಗಾಯ ಎಂದು ಕೇಳಿದರು. ಬೆರಳಲ್ಲಿ ಗಂಟು ತೋರಿಸಿ, ಕತ್ತರಿಸಿದ ಹಾಗೆ ಮಾಡಿ ತೋರಿಸಿದೆ.

ಆ ಬುಧವಾರದ ಸಂಜೆಯದ್ದು ಬೆಕ್ಕಿನಮ್ಮ ಹೇಳಿದರು. ನನಗೆ ಮಾತು ಬರುವುದಿಲ್ಲ ಎಂದೋ ಏನೋ, ಕಡಿಮೆ ಮಾತಿನ ಹೆಂಗಸು ಎಲ್ಲವನ್ನೂ ಹೇಳಿದರು. ಶಾಲು ಇಟ್ಟದ್ದೇ ಗಂಜಿ ತಿಂದದ್ದಲ್ಲ. ಸಂದಿಯಿಂದ ಮೂಗು ಹೊರಗೆ ಹಾಕಿತು, ಅಷ್ಟೇ. ಅತ್ತಿಗೆ ಆ ನಾರುವ ಶಾಲನ್ನು ತಾವೇ ಸುತ್ತಿಕೊಂಡು, ನೆಲದ ಮೇಲೆ ಕೂತು, ನನ್ನ ಕೂಗು ಕೂಗಿದರಂತೆ. ಮೊದಲು ಅದು ನನ್ನ ಕೂಗಿನ ಹಾಗಿರಲಿಲ್ಲ, ಗಂಜಿ ಹಿಂದಕ್ಕೆ ಸರಿಯಿತು. ಮತ್ತೆ ಕೂಗಿದರು. ಗಂಟಲು ಒಡೆಯುವ ತನಕ ತಿದ್ದಿ ತಿದ್ದಿ ಕೂಗಿದರು. ಆಮೇಲೆ ಗಂಜಿ ಬಂದು, ಅವರ ಕತ್ತಿನ ಶಾಲಿನೊಳಕ್ಕೆ ಮೂಗು ತೂರಿಸಿ, ಅವರ ಅಂಗೈಯಿಂದ ತಿಂದಿತು. ಅದು ತಿನ್ನುವಾಗ ಅತ್ತಿಗೆ ಅತ್ತರಂತೆ. ಬೆಳಗಿನ ಬಸ್ಸಿನ ತನಕ ಆ ಕೋಣೆಯಲ್ಲೇ ಕೂತಿದ್ದರಂತೆ.

ನಾನು ಉತ್ತರ ಕೊಡದೆ ಬಿಟ್ಟ ಪ್ರಶ್ನೆಯನ್ನು ಬೆಕ್ಕಿನಮ್ಮ ಅತ್ತಿಗೆಯನ್ನು ಕೇಳಿದ್ದರು. ಅತ್ತಿಗೆ ಹೇಳಿದ್ದನ್ನು ಹಾಗೇ ಹೇಳಿದರು.

"ಅವಳು ಬರದಿದ್ರೆ ನಾನು ಬರ್ತೀನಿ. ಆದ್ರೆ ಅವಳೇ ಬರ್ತಾಳೆ."

ಹೊರಡುವ ಮುಂಚೆ ಕೊನೆಯ ಕೋಣೆಯ ಹತ್ತಿರ ಹೋದೆ. ಹಳದಿ ಬೆಕ್ಕು ಎದ್ದು ನಿಂತಿತು. ಜಾಲರಿಯೊಳಗೆ ಬೆರಳು ಹಾಕಿದೆ, ಮೂಸಿ ನೋಡಿ ಹಣೆ ಉಜ್ಜಿತು. ಬೆಕ್ಕಿನಮ್ಮನಿಗೆ ಅದು ಈಗ ಮನೆಯದ್ದೇ ಆಗಿಬಿಟ್ಟಿದೆಯಂತೆ, ಆದರೂ ಬಾಗಿಲು ನೋಡುವುದನ್ನು ಬಿಟ್ಟಿಲ್ಲ ಎಂದರು.

ಫೆಬ್ರವರಿ ೨೩, ಸೋಮವಾರ

ಆಸ್ಪತ್ರೆಯಿಂದ ಫೋನು ಬಂದಿತ್ತು, ಅತ್ತಿಗೆ ಮಾತಾಡಿದರು. ಗಂಟಿನಲ್ಲಿ ಕೆಟ್ಟದ್ದೇನೂ ಇಲ್ಲವಂತೆ. ದನಿಯ ವಿಷಯ ಮಾತ್ರ ಈಗಲೇ ಹೇಳಲಾರರಂತೆ.

ಇವತ್ತು ಬಟ್ಟೆ ತುಂಬ ಬಂದಿತ್ತು. ಬೂದು ಶಾಲು ಕಣ್ಣಿಗೆ ಬಿತ್ತು, ಅದರ ತುಂಬ ಕೂದಲು, ಜೊಲ್ಲು, ಮೀನಿನ ವಾಸನೆ. ಒಂದು ಕಡೆಯಿಂದ ಎತ್ತಿ ಮೂಸಿದೆ. ನನ್ನದು ಯಾವುದು, ಅತ್ತಿಗೆಯದು ಯಾವುದು ಎಂದು ತಿಳಿಯಲಿಲ್ಲ. ಹಾಗೇ ಬಿಟ್ಟು ಮಿಷನ್ನಿನ ಕೆಲಸಕ್ಕೆ ಹೋದೆ.

ಸಂಜೆ ತಟ್ಟೆ ತುಂಬಿಸುವ ಹೊತ್ತಿಗೆ ನಾನು ಹಿಂದಿನ ಕೋಣೆಯಲ್ಲಿ ಬಟ್ಟೆ ಹಿಂಡುತ್ತಿದ್ದೆ. ಅತ್ತಿಗೆ ಬಾಗಿಲಲ್ಲಿ ನಿಂತು ಕೂಗಿದರು. ಬಾ ಬಾ ಬಾ ಬಂಗಾರೀ. ಈಗ ನನಗಿಂತ ಅವರೇ ಚೆನ್ನಾಗಿ ಎಳೆಯುತ್ತಾರೆ. ನೀಲಿ ಓಡಿತು. ಗಂಜಿ ಶಾಲಿನಿಂದ ಎದ್ದು, ಹೋಗುವ ದಾರಿಯಲ್ಲಿ ನಿಂತು, ನನ್ನ ಒದ್ದೆ ಕೈಯನ್ನು ಮೂಸಿ, ಮುಂದೆ ಹೋಯಿತು.

ನಾನೂ ಕೈ ಒರೆಸಿಕೊಂಡು ಹೋದೆ.